ಕೊಳೆ ಮದ್ದಿನ ಕೋಲ್ಮನ್ ಸಾಹೇಬರು

– ಹಳೆಯ ವಿದ್ಯಾರ್ಥಿ (ಎಸ್ಸೆಸ್ಸೆಲ್ಸಿ, 2004ನೇ ಸಾಲು), ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬಸವನಗುಡಿ, ಬೆಂಗಳೂರು

ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿ, ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಬೇಕು ಎಂದಾಗ ನನಗೆ ಮೊದಲು ಹೊಳೆದ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಇಂಜಿನಿಯರ್ ಆದವನು ಬೇರೆ ಯಾರ ಬಗ್ಗೆ ಬರೆದಾನು? ಆದರೆ ಆ ಹೆಸರನ್ನು ನನಗಿಂತ ಮೊದಲೇ ಮೂವರು ಹಿಡಿದಿದ್ದರು. ಕುವೆಂಪು ಅವರನ್ನು ಕನ್ನಡ ಮೇಷ್ಟ್ರು ತಮಗೇ ಇಟ್ಟುಕೊಂಡಿದ್ದರು. ಹಾಗಾಗಿ ನಮ್ಮ ಶಾಲೆಯ ಗೋಡೆಯ ಮೇಲೆ ಎಂದೂ ಫೋಟೋ ಇಲ್ಲದ, ಆದರೆ ನಮ್ಮೂರಿನ ಒಂದೊಂದು ಮನೆಯೂ ಅನ್ನದ ಋಣದಲ್ಲಿರುವ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ.

ಮೇ ಕೊನೆ ಬಂತೆಂದರೆ ನಮ್ಮ ತೋಟಗಳಲ್ಲಿ ಮದ್ದು ಹೊಡೆಯುವ ಗಡಿಬಿಡಿ. ಮೈಲುತುತ್ತ ಒಂದು ಡ್ರಮ್ಮಿನಲ್ಲಿ, ಸುಣ್ಣ ಇನ್ನೊಂದು ಡ್ರಮ್ಮಿನಲ್ಲಿ. ಎರಡನ್ನೂ ಕೂಡಿಸಿದರೆ ಆಕಾಶದ ಬಣ್ಣದ ದ್ರಾವಣ. ಕೊನೆಗಾರರು ಅದನ್ನು ಮರದ ತುದಿಯಲ್ಲಿ ಕೂತು ಗೊನೆಗೆ ಹೊಡೆಯುವಾಗ, ತೋಟದ ಸಂಕ ದಾಟಿ ಶಾಲೆಗೆ ಬರುತ್ತಿದ್ದ ನಮ್ಮ ಬಿಳಿ ಅಂಗಿಯ ಮೇಲೆ ನೀಲಿ ಚುಕ್ಕೆ ಬೀಳುತ್ತಿತ್ತು. ಜೂನ್ ಮೊದಲ ವಾರ ಪ್ರಾರ್ಥನೆಯ ಸಾಲಿನಲ್ಲಿ ನಿಂತರೆ, ಯಾರ ಮನೆಯಲ್ಲಿ ಮದ್ದು ಹೊಡೆದಾಯಿತು, ಯಾರದ್ದು ಬಾಕಿ ಎಂದು ಅಂಗಿ ನೋಡಿಯೇ ಹೇಳಬಹುದಿತ್ತು. ಆ ನೀಲಿ ಮದ್ದನ್ನು ಅಡಿಕೆ ಮರ ಹತ್ತಿಸಿದವರು ಲೆಸ್ಲಿ ಕೋಲ್ಮನ್.

ಅವರ ಹೆಸರು ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ಒಂದು ಅಣಬೆಯ ದೆಸೆಯಿಂದ. ಬಸವನಗುಡಿಯ ಬಾಡಿಗೆ ಮನೆಯಿಂದ ಲಾಲ್‌ಬಾಗಿನ ಪಶ್ಚಿಮ ದ್ವಾರದವರೆಗೆ ಬೆಳಿಗ್ಗೆ ನಡೆದು ಬರುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ, ದಾರಿಯ ಗುಲ್‌ಮೊಹರ್ ಮರವೊಂದರ ಬುಡದಲ್ಲಿ ಅಂಗೈ ಅಗಲದ ಅಣಬೆ ಎದ್ದಿತ್ತು. ಕೊಡೆಯಂಥ ಮೆತ್ತನೆಯ ಅಣಬೆ ಅಲ್ಲ. ಮರಕ್ಕೆ ಮೊಳೆ ಹೊಡೆದು ಕೂರಿಸಿದ ಸಣ್ಣ ಹಲಗೆಯ ಹಾಗೆ, ಮೂತ್ರಪಿಂಡದ ಆಕಾರ, ಮೇಲೆ ವಾರ್ನಿಶ್ ಬಳಿದಂತೆ ಹೊಳೆಯುವ ಕೆಂಗಂದು, ಅಂಚಿನಲ್ಲಿ ಬಿಳಿ ಪಟ್ಟಿ. ಬಗ್ಗಿ ಅಡಿಭಾಗ ನೋಡಿದೆ. ಸಾಮಾನ್ಯ ಅಣಬೆಗಿರುವ ಪದರಗಳು ಇರಲಿಲ್ಲ. ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳಿದ್ದವು. ಸುತ್ತಲ ಹುಲ್ಲಿನ ಮೇಲೆ ಕೋಕೋ ಪುಡಿ ಚೆಲ್ಲಿದಂತೆ ಕಂದು ಧೂಳು. ಅದು ಆ ಅಣಬೆಯ ಬೀಜಾಣು.

ಇದನ್ನು ನಾನು ಬಲ್ಲೆ. ನಮ್ಮ ತೋಟದಲ್ಲಿ ಹೊಳೆಯ ಕಡೆಯಿಂದ ಮೂರನೇ ಸಾಲಿನಲ್ಲಿ, ಸತ್ತ ಅಡಿಕೆ ಮರಗಳ ಬುಡದಲ್ಲಿ ಇದೇ ಎದ್ದಿತ್ತು. ಫೋಟೋ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಆ ಮರ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದರು. ಆ ಹೊತ್ತಿಗೆ ನಮ್ಮ ಮೂರನೇ ಸಾಲಿನಲ್ಲಿ ಹನ್ನೊಂದು ಮರ ಹೋಗಿದ್ದವು. ನಾನು ಬಿ.ಇ. ಓದಿದ್ದು ಆ ಸಾಲಿನ ಅಡಿಕೆ ಮಾರಿದ ದುಡ್ಡಿನಿಂದಲೂ ಹೌದು. ನಮ್ಮ ಕಡೆ ಇದಕ್ಕೆ ಅಣಬೆ ರೋಗ ಎಂದೇ ಹೆಸರು. ಇದರ ಬಗ್ಗೆ ನಮ್ಮ ಸೀಮೆಯಲ್ಲಿ ಮೊದಲು ಬರೆದವರು ಯಾರು ಎಂದು ಹುಡುಕುತ್ತ ಹಳೆಯ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಪುಸ್ತಿಕೆಗಳವರೆಗೆ ಹೋದೆ. ಅಲ್ಲಿ ಪುಟಪುಟಕ್ಕೂ ಕೋಲ್ಮನ್.

ಲೆಸ್ಲಿ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. 1904ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪದವಿ ಪಡೆದು, ಮುಂದೆ ಜರ್ಮನಿಯ ಗಟ್ಟಿಂಗನ್‌ಗೆ ಹೋದರು. ಅಲ್ಲಿ ಡಾಕ್ಟರೇಟ್‌ಗೆ ಅವರು ಅಧ್ಯಯನ ಮಾಡಿದ್ದು ಮಣ್ಣಿನಲ್ಲಿ ಸಾರಜನಕವನ್ನು ಬೆಳೆಗೆ ಒದಗುವ ರೂಪಕ್ಕೆ ತರುವ ಬ್ಯಾಕ್ಟೀರಿಯಾಗಳನ್ನು. ಅಡಿಕೆ ಮರವನ್ನು ಅವರು ಅದುವರೆಗೆ ಕಣ್ಣಲ್ಲಿ ನೋಡಿದ್ದಿರಲಾರದು. ಮೈಸೂರು ಸಂಸ್ಥಾನದಲ್ಲಿ ಆಗ ಕೃಷಿ ರಸಾಯನಶಾಸ್ತ್ರಜ್ಞರಾಗಿ ಲೆಹ್‌ಮನ್ ಎಂಬವರು ಕೆಲಸ ಶುರುಮಾಡಿದ್ದರು. ಮಣ್ಣು, ಗೊಬ್ಬರ ಅವರ ವಿಷಯ. ಬೆಳೆಗೆ ಬರುವ ರೋಗ, ಹುಳ ನೋಡುವವರು ಬೇಕಿದ್ದರು. 1908ರಲ್ಲಿ ಕೋಲ್ಮನ್ ಬಂದರು. ವಯಸ್ಸು 30. ಅವರಿಗೆ ಕೊಟ್ಟ ಹುದ್ದೆ ಶಿಲೀಂಧ್ರತಜ್ಞ ಮತ್ತು ಕೀಟತಜ್ಞ. ಇಡೀ ಸಂಸ್ಥಾನದ ಬೂಷ್ಟಿಗೂ ಹುಳಕ್ಕೂ ಒಬ್ಬರೇ ಜವಾಬ್ದಾರರು.

ಅವರು ಬಂದಾಗ ನಾನೀಗ ಇರುವ ಬಸವನಗುಡಿಗೆ ಹತ್ತು ವರ್ಷ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ, ಗಾಳಿ ಬೆಳಕು ಓಡಾಡುವಂತೆ ಅಗಲ ರಸ್ತೆ ಬಿಟ್ಟು ಕಟ್ಟಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಚಾಮರಾಜಪೇಟೆ ಅದಕ್ಕಿಂತ ಕೆಲವು ವರ್ಷ ಹಿರಿದು. ಅಡಿಕೆ ಸಸಿಯನ್ನು ಅಂತರ ಬಿಟ್ಟು ನೆಡುವುದೇಕೆ ಎಂದು ಗೊತ್ತಿರುವ ನಮ್ಮೂರಿನವರಿಗೆ ಈ ಬಡಾವಣೆಗಳ ನಕ್ಷೆ ತೋರಿಸಿದರೆ ಬೇರೆ ವಿವರಣೆ ಬೇಕಿಲ್ಲ. ಕೋಲ್ಮನ್ ಬಂದ ಸುಮಾರಿಗೇ ಲಾಲ್‌ಬಾಗಿಗೆ ಜರ್ಮನಿಯ ಕ್ರುಂಬಿಗಲ್ ಬಂದರು. ಕ್ರುಂಬಿಗಲ್ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲೇ ಇದೆ. ಹೂವು ಬೆಳೆಸಿದವರನ್ನು ಊರು ನೆನೆದಷ್ಟು ಬೂಷ್ಟು ನೋಡಿದವರನ್ನು ನೆನೆಯುವುದಿಲ್ಲವೇನೋ.

ಕೋಲ್ಮನ್ ಬೆಂಗಳೂರಿನಲ್ಲಿದ್ದರೂ ಅವರನ್ನು ಕಾಯುತ್ತಿದ್ದ ಕೆಲಸ ಮಲೆನಾಡಿನಲ್ಲಿತ್ತು. ಶಿವಮೊಗ್ಗದಿಂದ ಆಚೆಗೆ ಆಗ ರೈಲು ಇರಲಿಲ್ಲ. ಮಳೆಗಾಲದಲ್ಲಿ, ಅದೂ ಆರಿದ್ರಾ ಪುನರ್ವಸು ಹೊತ್ತಿಗೆ, ನಮ್ಮ ಕಡೆಯ ತೋಟಗಳಿಗೆ ಇಳಿಯುವುದೆಂದರೆ ಏನೆಂದು ಈ ಸಂಚಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಕೊಳೆರೋಗ ನೋಡಬೇಕಾದರೆ ಆ ಹೊತ್ತಿಗೇ ಬರಬೇಕು. ಮಳೆ ಬಿಡದೆ ಹೊಯ್ದು, ನಡುವೆ ಒಂದು ಗಳಿಗೆ ಬಿಸಿಲು ಇಣುಕಿ, ಮತ್ತೆ ಮಳೆ ಹಿಡಿದರೆ ಎಳೆಗಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಏಳುತ್ತದೆ. ಕಾಯಿ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಎರಡು ದಿನದಲ್ಲಿ ಬಿಳಿ ಬೂಷ್ಟು. ಅದೇ ರೋಗ ಸುಳಿಗೆ ಇಳಿದರೆ ಚಂಡೆ ಕೊಳೆತು ಮರವೇ ಹೋಗುತ್ತದೆ.

ಹಿಂದಿನವರು ಸುಮ್ಮನೆ ಕೂತಿರಲಿಲ್ಲ. ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಒಂದೊಂದು ಮರ ಹತ್ತಿ, ಒಂದೊಂದು ಗೊನೆಗೂ ಕೊಡೆ ಹಿಡಿದಂತೆ ಕಟ್ಟುತ್ತಿದ್ದರು. ನೀರು ಕಾಯಿಗೆ ತಾಗದಿದ್ದರೆ ಕೊಳೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ.

ಇಲ್ಲೊಂದು ಹೆಸರಿನ ತೊಡಕಿದೆ. ಕೊಳೆರೋಗ ಎಂಬ ನಮ್ಮ ಕನ್ನಡ ಮಾತು 1876ರಲ್ಲೇ ಲ್ಯಾಟಿನ್ ಹೆಸರಿನೊಳಗೆ ಸೇರಿತ್ತು. ಮೈಸೂರಿನ ಕಾಫಿ ತೋಟದಿಂದ ಹೋದ ಕೊಳೆತ ಎಲೆಗಳನ್ನು ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ನೋಡಿ, ಅದರ ಮೇಲಿನ ಶಿಲೀಂಧ್ರಕ್ಕೆ ಪೆಲಿಕ್ಯುಲೇರಿಯ ಕೊಳೆರೋಗ ಎಂದು ನಾಮಕರಣ ಮಾಡಿದ್ದ. ಕಾಫಿಯ ಕೊಳೆರೋಗವೇ ಬೇರೆ, ಅಡಿಕೆಯ ಕೊಳೆರೋಗವೇ ಬೇರೆ. ನಮ್ಮವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು, ಕೊಳೆತದ್ದೆಲ್ಲ ಕೊಳೆರೋಗವೇ ತಾನೆ! ಮದ್ದು ಹುಡುಕುವವರು ಮೊದಲು ಇವೆರಡನ್ನು ಬಿಡಿಸಿ ನೋಡಬೇಕಿತ್ತು. ಕೋಲ್ಮನ್ ಅಡಿಕೆಯ ಕೊಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಇದು ಫೈಟಾಫ್ತೊರ ಜಾತಿಯದು ಎಂದು ಗುರುತಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಉಪವಾಸ ಕೆಡವಿದ ರೋಗಾಣುವಿನ ದಾಯಾದಿ ಇದು. 1910ರಲ್ಲಿ ಇಲಾಖೆಯಿಂದ ಅವರ ಪುಸ್ತಿಕೆ ಬಂತು. ಸರ್ವಭಕ್ಷಕ ಎಂಬ ಅರ್ಥದ ಹಳೆಯ ಜಾತಿಯ ಹೆಸರಿನ ಕೆಳಗೆ, ಅಡಿಕೆಯದು ಎಂದು ಸೂಚಿಸುವ ಒಂದು ಉಪಭೇದವಾಗಿ ಇದನ್ನು ಇಟ್ಟರು. 1913ರಲ್ಲಿ ಇನ್ನೊಬ್ಬ ವಿಜ್ಞಾನಿ ಅದನ್ನು ಸ್ವತಂತ್ರ ಜಾತಿಯೆಂದು ಎತ್ತಿ ಕೂರಿಸಿದರು. ಆಮೇಲೂ ಹೆಸರು ಬದಲಾಯಿತು. ಈಗಿನವರು ಇದು ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ಕಡೆಯ ಸಂಬಂಧಿ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಪ್ರೋಗ್ರಾಮಿನೊಳಗಿನ ಹೆಸರನ್ನು ಎಷ್ಟು ಸಲ ಬದಲಿಸಿದರೂ ಅದು ಮಾಡುವ ಕೆಲಸ ಬದಲಾಗುವುದಿಲ್ಲ. ಇಲ್ಲೂ ಹಾಗೇ ಆಯಿತು, ಮದ್ದು ಅದೇ ಉಳಿಯಿತು.

ಗುರುತು ಸಿಕ್ಕಿದ್ದರಿಂದ ಒಂದು ದೊಡ್ಡ ಪ್ರಯೋಜನವಾಯಿತು. ಫೈಟಾಫ್ತೊರದ ಮರಿಗಳು ಈಜುತ್ತವೆ. ಒಂದೊಂದು ಮರಿಗೂ ಎರಡೆರಡು ಎಳೆಬಾಲ, ಕಾಯಿಯ ಮೇಲೆ ನೀರಿನ ತೆಳು ಪೊರೆ ಇದ್ದರೆ ಸಾಕು, ಈಜಿ ಹೋಗಿ ಸಿಪ್ಪೆಗೆ ಅಂಟಿ ಬೇರಿಳಿಸುತ್ತವೆ. ಕೊಟ್ಟೆ ಕಟ್ಟಿದರೆ ಕೊಳೆ ಬಾರದ ಗುಟ್ಟು ಇದೇ. ಹಾಗಾದರೆ ಆ ನೀರಿನ ಪೊರೆಯಲ್ಲೇ ತಾಮ್ರ ಇದ್ದರೆ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ಮೈಲುತುತ್ತ ಸುಣ್ಣ ಹೊಡೆಯುವ ಪದ್ಧತಿ 1885ರ ಹೊತ್ತಿಗೆ ಶುರುವಾಗಿತ್ತು. ಕೋಲ್ಮನ್ ಅದನ್ನು ಅಡಿಕೆಗೆ ತಂದರು. ಅಡಿಕೆ ಮರ ದ್ರಾಕ್ಷಿ ಚಪ್ಪರದಂತೆ ಸೊಂಟದ ಎತ್ತರಕ್ಕಿಲ್ಲ. ಐವತ್ತು ಅಡಿ ಮೇಲೆ, ಮಳೆಯಲ್ಲಿ, ನುಣುಪು ಕಾಯಿಗೆ ಹೊಡೆದದ್ದು ಅಂಟಿ ನಿಲ್ಲಬೇಕು. ರಾಳ ಮತ್ತು ಸೋಡ ಬೆರೆಸುವ ರೂಢಿ ಬಂದದ್ದು ಆ ಕಾರಣಕ್ಕೆ. ತಿನ್ನುವ ಅಡಿಕೆಗೆ ಮೈಲುತುತ್ತ ಹೊಡೆಯುವುದೇ ಎಂದು ಹಿರಿಯರು ಹಿಂದೆ ಮುಂದೆ ನೋಡಿದ್ದರಂತೆ, ನಮ್ಮಜ್ಜ ಹೇಳುತ್ತಿದ್ದರು. ಪಕ್ಕದ ತೋಟದಲ್ಲಿ ಹೊಡೆದ ಮರದ ಗೊನೆ ನಿಂತು, ಹೊಡೆಯದ ಮರದ ಕಾಯಿ ನೆಲದಲ್ಲಿ ಬಿದ್ದಿದ್ದು ನೋಡಿದ ಮೇಲೆ ಯಾರೂ ಪುನಃ ಪ್ರಶ್ನೆ ಕೇಳಲಿಲ್ಲವಂತೆ.

ಇಷ್ಟಾದ ಮೇಲೆ ಸಂಸ್ಥಾನ ಅವರ ಮೇಲೆ ಕೆಲಸದ ಮೇಲೆ ಕೆಲಸ ಹೇರಿತು. ಬಯಲುಸೀಮೆಯ ಜೋಳವನ್ನು ತಿಂದು ಮುಗಿಸುತ್ತಿದ್ದ, ಹಾರಲು ಬಾರದ ಒಂದು ಮಿಡತೆಯ ಬದುಕನ್ನು ಅವರು ಅಧ್ಯಯನ ಮಾಡಿ 1911ರಲ್ಲಿ ಬರೆದರು. ಆ ಮಿಡತೆಯ ಕುಲಕ್ಕೆ ಸ್ಪೇನಿನ ಕೀಟತಜ್ಞರೊಬ್ಬರು ಕೋಲ್ಮನಿಯ ಎಂದು ಹೆಸರಿಟ್ಟರು. ರಸ್ತೆಗೆ ಹೆಸರು ಇಡುವುದಕ್ಕಿಂತ ಇದು ಹೆಚ್ಚು ಕಾಲ ಬಾಳುವ ಗೌರವ ಎಂದು ನನ್ನ ಲೆಕ್ಕ. ಗಂಧದ ಮರದ ಸ್ಪೈಕ್ ರೋಗವನ್ನು ಕಸಿ ಕಟ್ಟಿ ಪರೀಕ್ಷಿಸಿ, ಅದು ಮರದಿಂದ ಮರಕ್ಕೆ ಅಂಟುವ ರೋಗ ಎಂದು ತೋರಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿ ಬಂದ ಕಾಲಕ್ಕೆ ಕೃಷಿ ಇಲಾಖೆಗೆ ನಿರ್ದೇಶಕರಾದರು. ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರು 1899ರಲ್ಲಿ ಹೆಬ್ಬಾಳದಲ್ಲಿ ಕೊಟ್ಟಿದ್ದ 30 ಎಕರೆಯ ಪ್ರಯೋಗಕ್ಷೇತ್ರದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾಯಿತು. ಇವತ್ತಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ನಮ್ಮ ಕಡೆಗೆ ಹತ್ತಿರದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರದು, ಅದರ ಹಿಂದೆಯೂ ಅವರೇ. ಮಂಡ್ಯಕ್ಕೆ ಕಾಲುವೆ ನೀರು ಬಂದಾಗ ಕಬ್ಬು ಬೆಳೆಯಿಸಿ ಸಕ್ಕರೆ ಕಂಪನಿ ಕಟ್ಟುವುದರಲ್ಲಿ, 1933ರಲ್ಲಿ, ಅವರ ಕೈ ದೊಡ್ಡದು. ಮಂಡ್ಯದವರು ಅವರನ್ನು ನೆನೆಯುವುದು ಈ ಸಕ್ಕರೆಯಿಂದ. ಇದೆಲ್ಲ ಬೇರೆಯವರು ಬರೆದಿದ್ದಾರೆ. ನನಗೆ ಬೇಕಾದದ್ದು ಅಣಬೆ.

ಅಣಬೆ ರೋಗವನ್ನು ಕೋಲ್ಮನ್ ಬರುವ ಮೊದಲೇ, 1906ರಲ್ಲಿ, ಭಾರತ ಸರ್ಕಾರದ ಶಿಲೀಂಧ್ರತಜ್ಞ ಬಟ್ಲರ್ ಮೈಸೂರಿನ ಅಡಿಕೆ ತೋಟಗಳಲ್ಲಿ ನೋಡಿ ವರದಿ ಮಾಡಿದ್ದರು. ಆಮೇಲೆ ಅದು ಕೋಲ್ಮನ್ ಅವರ ಇಲಾಖೆಯ ಪಾಲಿಗೆ ಬಂತು. ಕೊಳೆರೋಗಕ್ಕೂ ಇದಕ್ಕೂ ವ್ಯತ್ಯಾಸ ಬಹಳ. ಕೊಳೆ ಬಂದರೆ ಮರುದಿನವೇ ಕಾಣುತ್ತದೆ, ಕಾಯಿ ಕಾಲಬುಡದಲ್ಲಿ ಬೀಳುತ್ತದೆ. ಅಣಬೆ ರೋಗ ಶುರುವಾಗುವುದು ಬೇರಿನಲ್ಲಿ. ಮೇಲಿನವರಿಗೆ ಗೊತ್ತಾಗುವುದೇ ಇಲ್ಲ. ಹೊರಸುತ್ತಿನ ಸೋಗೆ ಹಳದಿಯಾಗಿ ಜೋಲುತ್ತದೆ. ನೀರು ಕಡಿಮೆಯಾಯಿತೇನೋ ಎಂದುಕೊಳ್ಳುತ್ತೇವೆ. ಕಾಯಿ ಸಣ್ಣದಾಗುತ್ತದೆ, ಗೊಬ್ಬರ ಸಾಲದು ಎಂದುಕೊಳ್ಳುತ್ತೇವೆ. ಬುಡದಲ್ಲಿ ಕಂದು ಅಂಟು ಒಸರುವಾಗ ಅನುಮಾನ ಬರುತ್ತದೆ. ಆ ಹೊತ್ತಿಗೆ ಒಳಗೆ ಬೇರು, ಕಾಂಡ ಎಲ್ಲ ಮೆತ್ತಗೆ. ಅಣಬೆ ಬುಡದಲ್ಲಿ ಎದ್ದು ನಿಂತು ತನ್ನ ಗುರುತು ಹೇಳುವುದು ಎಲ್ಲಕ್ಕಿಂತ ಕೊನೆಗೆ, ಮರ ಸಾಯುವ ಹೊತ್ತಿಗೆ ಅಥವಾ ಸತ್ತ ಮೇಲೆ. ಕೊಳೆತ ಬೇರು ಪಕ್ಕದ ಮರದ ಬೇರಿಗೆ ತಾಗಿದರೆ ರೋಗ ಅಲ್ಲಿಗೆ ದಾಟುತ್ತದೆ. ಹಾಗಾಗಿ ಇದು ಸಾಲು ಹಿಡಿದೇ ಹೋಗುತ್ತದೆ.

ಈ ಅಣಬೆಗೆ ವಿಜ್ಞಾನದಲ್ಲಿ ಗ್ಯಾನೊಡರ್ಮ ಎಂದು ಹೆಸರು. ಹೊಳೆಯುವ ಚರ್ಮದ್ದು ಎಂದು ಅರ್ಥ. ಚೀನಾ ಜಪಾನಿನಲ್ಲಿ ಇದರದ್ದೇ ಕುಲದ ಅಣಬೆಯನ್ನು ಆಯುಷ್ಯ ಹೆಚ್ಚಿಸುವ ಮದ್ದೆಂದು ಶತಮಾನಗಳಿಂದ ತಿನ್ನುತ್ತಾರೆ. ಈಗ ಬೆಂಗಳೂರಿನಲ್ಲೂ ಕ್ಯಾಪ್ಸೂಲ್ ರೂಪದಲ್ಲಿ ಸಿಗುತ್ತದೆ. ಅಪ್ಪಯ್ಯನಿಗೆ ಹೇಳಿದಾಗ ಅವರಿಗೆ ನಗು ಬರಲಿಲ್ಲ.

ನೀಲಿ ಮದ್ದು ಇಲ್ಲಿ ನಡೆಯುವುದಿಲ್ಲ. ತಾಮ್ರ ಕಾಯಿಯ ಹೊರಗೆ ಕಾವಲು ಕೂರಬಲ್ಲದು, ಈಜಿ ಬರುವ ಕಳ್ಳನನ್ನು ಬಾಗಿಲಲ್ಲೇ ಹಿಡಿಯಬಲ್ಲದು. ಮಣ್ಣಿನಡಿ ಬೇರಿನೊಳಗೆ ಮನೆ ಮಾಡಿಕೊಂಡವನನ್ನು ಏನು ಮಾಡೀತು? ಕೋಲ್ಮನ್ ಕಾಲದಿಂದ ಬಂದ ದಾರಿ ಒಂದೇ: ಸತ್ತ ಮರವನ್ನು ಬುಡ ಬೇರು ಸಮೇತ ಕಿತ್ತು ಸುಡುವುದು, ಸುತ್ತ ಕಂದಕ ತೋಡಿ ಬೇರಿನ ಸಂಪರ್ಕ ಕಡಿಯುವುದು, ಬಸಿಗಾಲುವೆ ಸರಿಯಿಟ್ಟು ನೀರು ನಿಲ್ಲದಂತೆ ನೋಡುವುದು. ಕೊಳೆರೋಗದಲ್ಲಿ ಗುರುತೂ ಸಿಕ್ಕಿತು, ಮದ್ದೂ ಸಿಕ್ಕಿತು. ಅಣಬೆ ರೋಗದಲ್ಲಿ ಗುರುತು ಮಾತ್ರ ಸಿಕ್ಕಿತು. ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಹೊರಟ ಎರಡು ವರ್ಷಕ್ಕೆ, 1936ರಲ್ಲಿ, ಅವರ ಇಲಾಖೆಯಲ್ಲಿದ್ದ ಎಸ್.ವಿ. ವೆಂಕಟರಾಯನ್ ಅಡಿಕೆ ಮತ್ತು ತೆಂಗಿನ ಮೇಲೆ ಈ ಅಣಬೆ ಬದುಕುವ ರೀತಿಯನ್ನು ವಿವರವಾಗಿ ಅಧ್ಯಯನ ಮಾಡಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಫೈಟಾಫ್ತೊರದ ಬಗ್ಗೆ ಎಂ.ಜೆ. ನರಸಿಂಹನ್ 1930ರಲ್ಲೇ ಅದೇ ಪತ್ರಿಕೆಯಲ್ಲಿ ಬರೆದಿದ್ದರು. ಕೀಟವಿಭಾಗದಲ್ಲಿ ಕುಂಞಿ ಕಣ್ಣನ್ ಇದ್ದರು. ಒಬ್ಬರೇ ಬಂದ ಸಾಹೇಬರು ಹೋಗುವಾಗ ಇಲ್ಲಿಯವರೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಆ ಕಾಲದ ಎಲ್ಲ ಸಾಹೇಬರ ಬಗ್ಗೆ ಹೀಗೆ ಹೇಳಲು ಬರುವುದಿಲ್ಲ.

ಈಗ ಆ ಇನ್ನೊಂದು ಬೂಷ್ಟಿನ ವಿಷಯ. ಅದನ್ನು ನಾನು ಮೊದಲು ನೋಡಿದ್ದು ಶತ್ರುವಾಗಿ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವಾಗ, ಬಸವನಗುಡಿಯ ಬಾಲ್ಕನಿಯಲ್ಲಿ ಭತ್ತದ ಹುಲ್ಲು ತುಂಬಿದ ಚೀಲಗಳಲ್ಲಿ ತಿನ್ನುವ ಸಿಂಪಿ ಅಣಬೆ ಬೆಳೆಯಲು ಹೋದೆ. ಹುಲ್ಲನ್ನು ಸರಿಯಾಗಿ ಬೇಯಿಸಲಿಲ್ಲ, ತಪ್ಪು ನನ್ನದೇ. ಬಿಳಿಯಾಗಿ ಹಬ್ಬುತ್ತಿದ್ದ ಅಣಬೆಯ ಎಳೆಗಳ ಮೇಲೆ ಹತ್ತನೇ ದಿನಕ್ಕೆ ಹಸಿರು ಪುಡಿ. ವಾರದೊಳಗೆ ಚೀಲಗಳೆಲ್ಲ ಹಸಿರು. ಅಣಬೆ ಬೆಳೆಯುವವರು ಇದಕ್ಕೆ ಹಸಿರು ಬೂಷ್ಟು ಎಂದು ಹೆದರುತ್ತಾರೆ. ಅದರ ಹೆಸರು ಟ್ರೈಕೋಡರ್ಮ.

ನಮ್ಮ ಸೊಸೈಟಿಯಲ್ಲಿ ಪ್ಯಾಕೆಟ್ಟಿನಲ್ಲಿ ಮಾರುವ, ಬೇವಿನ ಹಿಂಡಿಗೆ ಬೆರೆಸಿ ಹಾಕಿ ಎನ್ನುವ ಟ್ರೈಕೋಡರ್ಮ ಇದೇ ಕುಲದ್ದು. ಒಂದು ಶಿಲೀಂಧ್ರವನ್ನು ಇನ್ನೊಂದು ಶಿಲೀಂಧ್ರ ತಿಂದು ಬದುಕುತ್ತದೆ! ಟ್ರೈಕೋಡರ್ಮದ ಎಳೆ, ಎದುರಾದ ಶಿಲೀಂಧ್ರದ ಎಳೆಗೆ ಬೀಳಲು ಬಳ್ಳಿ ಸುತ್ತಿದಂತೆ ಸುತ್ತಿಕೊಳ್ಳುತ್ತದೆ, ಅದರ ಗೋಡೆಯನ್ನು ಕರಗಿಸುವ ರಸ ಬಿಡುತ್ತದೆ, ರಂಧ್ರ ಮಾಡಿ ಒಳಗಿನದನ್ನು ಹೀರುತ್ತದೆ. 1794ರಷ್ಟು ಹಿಂದೆಯೇ ಇದಕ್ಕೆ ಹೆಸರಿಟ್ಟಾಗಿತ್ತು. ಆದರೆ ಇದು ಬೇರೆ ಶಿಲೀಂಧ್ರದ ಮೇಲೆ ಪರಾವಲಂಬಿ ಎಂದು ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬವರು ತೋರಿಸಿದ್ದು 1932ರಲ್ಲಿ. ಕೋಲ್ಮನ್ ಆಗ ಇನ್ನೂ ಬೆಂಗಳೂರಿನಲ್ಲಿದ್ದರು, ಮಂಡ್ಯದ ಸಕ್ಕರೆಯಲ್ಲಿ ಮುಳುಗಿದ್ದರು. ಆ ಲೇಖನ ಅವರ ಮೇಜಿಗೆ ಬಂದಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕಾಫಿ ತೋಟದವರಿಗೆ ಇಂಥದ್ದೇ ಇನ್ನೊಂದು ಉದಾಹರಣೆ ಕಣ್ಣೆದುರು ಇದೆ. ಕಾಫಿ ಎಲೆಯ ಅಡಿ ಕಿತ್ತಳೆ ಪುಡಿಯಂಥ ತುಕ್ಕು ರೋಗ ಶಿಲೀಂಧ್ರದಿಂದ ಬರುತ್ತದೆ. ಕೆಲವೊಮ್ಮೆ ಆ ಕಿತ್ತಳೆಯ ಸುತ್ತ ಬಿಳಿ ಉಂಗುರ ಕಾಣುತ್ತದೆ. ಅದು ತುಕ್ಕನ್ನೇ ತಿನ್ನುವ ಇನ್ನೊಂದು ಶಿಲೀಂಧ್ರ. ಅದೇ ಶಿಲೀಂಧ್ರ ಕಾಫಿಯ ಹಸಿರು ಶಲ್ಕ ಕೀಟವನ್ನೂ ಹಿಡಿದು ಬಿಳಿ ಹತ್ತಿಯಂತೆ ಮುಚ್ಚಿ ಕೊಲ್ಲುತ್ತದೆ. ಕಾಫಿಯ ಶಲ್ಕ ಕೀಟಗಳ ಬಗ್ಗೆ 1918ರಲ್ಲಿ ಪುಸ್ತಿಕೆ ಬರೆದವರು ಕೋಲ್ಮನ್ ಮತ್ತು ಕುಂಞಿ ಕಣ್ಣನ್.

ಟ್ರೈಕೋಡರ್ಮ ಹಾಕಿದರೆ ಅಣಬೆ ರೋಗ ಹೋಗುತ್ತದೆಯೇ ಎಂದು ಊರಿನಲ್ಲಿ ಕೇಳುತ್ತಾರೆ. ಹಳದಿಯಾಗಿ ಜೋತ ಮರ ಅದರಿಂದ ಎದ್ದು ಕೂರುವುದಿಲ್ಲ. ಸುತ್ತಲಿನ, ಇನ್ನೂ ಚೆನ್ನಾಗಿರುವ ಮರದ ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಹಾಕಿದರೆ ಅದು ಮಣ್ಣಿನಲ್ಲಿ ಬೆಳೆದು ಗ್ಯಾನೊಡರ್ಮದ ಎಳೆಗೆ ಅಡ್ಡ ನಿಲ್ಲುತ್ತದೆ. ಒಣ ಮಣ್ಣಿಗೆ ಬರೀ ಪುಡಿ ಚೆಲ್ಲಿದರೆ ದಂಡ. ಅದೇ ಬುಡಕ್ಕೆ ಮೈಲುತುತ್ತವನ್ನೋ ಬೇರೆ ಶಿಲೀಂಧ್ರನಾಶಕವನ್ನೋ ಸುರಿದರೆ ಕಾವಲುಗಾರನನ್ನೂ ನಾವೇ ಕೊಂದಂತೆ. ಈ ಕೊನೆಯ ಮಾತನ್ನು ಅಂಗಡಿಯವರು ಹೇಳುವುದಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ. ಕಂದಕ ತೋಡುವ ಹಳೆಯ ಕೆಲಸವಂತೂ ಈಗಲೂ ತಪ್ಪಿದ್ದಲ್ಲ.

ಕ್ರಮದಲ್ಲಿ ಕೋಲ್ಮನ್ ಅವರ ಉಳಿದ ಬದುಕನ್ನು ಹೇಳಿಬಿಡುತ್ತೇನೆ. 26 ವರ್ಷ ಮೈಸೂರಿನ ಚಾಕರಿ ಮಾಡಿ, 56ನೇ ವಯಸ್ಸಿನಲ್ಲಿ ಕೆನಡಾಕ್ಕೆ ಮರಳಿದವರು ಆರಾಮ ಕುರ್ಚಿ ಹಾಕಿ ಕೂರಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸಸ್ಯಕೋಶಗಳ ಕ್ರೋಮೋಸೋಮುಗಳನ್ನು ನೋಡುವ, ತಮಗೆ ಹೊಸದಾದ ವಿಜ್ಞಾನಕ್ಕೆ ಕೈಹಾಕಿದರು. ಅರವತ್ತು ದಾಟಿದ ಮೇಲೆ, 1940ರ ಆಸುಪಾಸಿನಲ್ಲಿ, ಆ ವಿಷಯದ ಲೇಖನಗಳು ಅವರ ಹೆಸರಿನಲ್ಲಿ ಬಂದಿವೆ. ನನ್ನ ಕಸುಬಿನಲ್ಲಿ ನಲವತ್ತಕ್ಕೇ ಹೊಸದನ್ನು ಕಲಿಯಲು ಜನ ಗೊಣಗುತ್ತಾರೆ, ನಾನೂ ಸೇರಿ. 1954ರಲ್ಲಿ ಅವರು ತೀರಿಕೊಂಡರು.

ಬಸವನಗುಡಿಯ ಆ ಗುಲ್‌ಮೊಹರ್ ಮರ ಮರುವರ್ಷದ ಮೇ ತಿಂಗಳ ಗಾಳಿಮಳೆಗೆ ಬಿತ್ತು. ರಾತ್ರಿ ಬಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಅಷ್ಟು ದೊಡ್ಡ ಮರದ ಬುಡದಲ್ಲಿ ಒಂದು ಗಟ್ಟಿ ಬೇರು ಉಳಿದಿರಲಿಲ್ಲ, ಎಲ್ಲ ನೆನೆದ ರಟ್ಟಿನ ಹಾಗೆ. ಕಾಂಡ ಕೊಯ್ದು ಸಾಗಿಸಿದರು, ಬುಡ ಅಲ್ಲೇ ಬಿಟ್ಟರು. ಆಗಸ್ಟಿನಲ್ಲಿ ಅದರ ಮೇಲೆ ನಾಲ್ಕು ಅಣಬೆ ಎದ್ದವು.

ಊರಿನಲ್ಲಿ ಅಪ್ಪಯ್ಯ ಮೂರನೇ ಸಾಲಿನ ಎರಡೂ ಕಡೆ ಕಂದಕ ಹೊಡೆಸಿದ್ದಾರೆ. ನಾನು ರಜೆ ಹಾಕಿ ಹೋಗಿ ಎರಡು ದಿನ ಬುಡ ಕೀಳುವ ಕೆಲಸಕ್ಕೆ ನಿಂತೆ. ಹನ್ನೊಂದು ಹದಿಮೂರಾಗಿತ್ತು. ನಾಲ್ಕನೇ ಸಾಲಿನ ಮರಗಳ ಬುಡಕ್ಕೆ ಹಿಂಡಿ, ಗೊಬ್ಬರ, ಟ್ರೈಕೋಡರ್ಮ ಹಾಕಿ ಮೂರು ಮಳೆಗಾಲ ಆಯಿತು. ಅಲ್ಲಿ ಒಂದು ಮರದ ಸೋಗೆ ಮಾತ್ರ ಹೋದ ವರ್ಷ ಹಳದಿಯಾಗಿದೆ, ಅದು ನೀರಿನ ಕೊರತೆಯೋ ಇದೋ ಎಂದು ಇನ್ನೂ ಗೊತ್ತಾಗಿಲ್ಲ. ಖಾಲಿಯಾದ ಮೂರನೇ ಸಾಲಿಗೆ ಪುನಃ ಅಡಿಕೆ ಸಸಿ ಇಡುವುದು ಬೇಡ ಎಂದು ನಾನು, ಇಡಲೇಬೇಕು ಎಂದು ಅಪ್ಪಯ್ಯ. ಸದ್ಯಕ್ಕೆ ಅಲ್ಲಿ ಬಾಳೆ ಇದೆ.